ಮುರಿದ ಎಲುಬು ಕೂಡುವ ಬಗೆ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ತಾಂಬಾ ಎಂಬ ಊರಿದೆ. ಆ ಸೀಮೆಯ ಹಳೆಯ ಮನೆಗಳನ್ನು ಕಂಡವರಿಗೆ ಅವುಗಳ ರಚನೆ ನೆನಪಿರಬಹುದು. ಕಲ್ಲು ಮಣ್ಣಿನ ದಪ್ಪ ಗೋಡೆಗಳು, ಅವುಗಳ ಮೇಲೆ ಸಮತಟ್ಟಾದ ಮಣ್ಣಿನ ಮಾಳಿಗೆ. ಬೇಸಗೆ ಬಂತೆಂದರೆ ಮನೆಮಂದಿಯೆಲ್ಲ ಹಾಸಿಗೆ ಹೊತ್ತು ಮಾಳಿಗೆ ಏರುವುದು ವಾಡಿಕೆ. ನಾನು ಮೂರನೆಯ ತರಗತಿಯಲ್ಲಿದ್ದಾಗ, ಹೀಗೆ ಮಲಗಿದ್ದ ನನ್ನ ಜೊತೆಯ ಹುಡುಗನೊಬ್ಬನು ನಸುಕಿನಲ್ಲಿ ನಿದ್ದೆಗಣ್ಣಿನಿಂದ ಎದ್ದು ನಡೆದು, ಮಾಳಿಗೆಯ ಅಂಚಿನಿಂದ ಅಂಗಳಕ್ಕೆ ಬಿದ್ದನು. ದೈವವಶಾತ್ ತಲೆಗೆ ಪೆಟ್ಟಾಗಲಿಲ್ಲ. ಆದರೆ ಬೀಳುವಾಗ ನೆಲಕ್ಕೆ ಊರಿದ ಎಡಗೈ, ಮೊಳಕೈಗಿಂತ ತುಸು ಮೇಲೆ ಮುರಿಯಿತು.

ನೆರೆಯ ಹಳ್ಳಿಯಲ್ಲಿ ಎಲುಬು ಕಟ್ಟುವವರೊಬ್ಬರಿದ್ದರು. ಅವರು ಬಂದು ಕೈಯನ್ನು ಎಳೆದು ಕೂಡಿಸಿ, ಸೊಪ್ಪಿನ ಲೇಪ ಹಚ್ಚಿ, ಬಿದಿರಿನ ದಬ್ಬೆಗಳನ್ನಿಟ್ಟು ಬಿಗಿಯಾಗಿ ಕಟ್ಟಿದರು. ಕಟ್ಟು ಬಿಗಿಯಾದಷ್ಟೂ ಎಲುಬು ಬೇಗ ಕೂಡುವುದೆಂದು ಊರಿನವರ ನಂಬಿಕೆ. ಆ ರಾತ್ರಿಯೆಲ್ಲ ಹುಡುಗನು ಚೀರಿದನು. "ಎಲುಬ ಮುರದ ಮ್ಯಾಲ ನೋಯದ ಇರತೈತೇನಪ್ಪ, ತಡಕೋ" ಎಂದು ಅವನ ಅಜ್ಜಿ ಸಂತೈಸುತ್ತಿದ್ದುದು ನಮ್ಮ ಮನೆಗೂ ಕೇಳಿಸುತ್ತಿತ್ತು. ಮೂರನೆಯ ದಿನ ಅಳು ನಿಂತಿತು. ನೋವು ಇಳಿಯಿತೆಂದು ಎಲ್ಲರಿಗೂ ಸಮಾಧಾನವಾಯಿತು. ತಿಂಗಳು ಕಳೆದು ಕಟ್ಟು ಬಿಚ್ಚಿದಾಗ ಎಲುಬು ಕೂಡಿತ್ತು. ಬೆರಳುಗಳು ಮಾತ್ರ ಅಂಗೈಯ ಕಡೆಗೆ ಮಡಿಸಿಕೊಂಡಿದ್ದವು. ಅವು ಮತ್ತೆ ಬಿಚ್ಚಿಕೊಳ್ಳಲೇ ಇಲ್ಲ.

ಎಲುಬು ಕೂಡಿಯೂ ಕೈ ಹೋದದ್ದು ಹೇಗೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅದನ್ನು ಅರಿಯಬೇಕಾದರೆ ಎಲುಬೆಂದರೇನು, ಅದು ಮುರಿಯುವ ಬಗೆ ಯಾವುದು, ಕೂಡುವ ಬಗೆ ಯಾವುದು ಎಂಬುದನ್ನು ಮೊದಲು ನೋಡಬೇಕು.

ಎಲುಬು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹೊಲದ ಬದುವಿನಲ್ಲಿ ಬಿಸಿಲಿಗೆ ಬೆಳ್ಳಗಾಗಿ ಬಿದ್ದಿರುವ ದನದ ಎಲುಬು. ಆದರೆ ಅದು ಎಲುಬಿನ ಹೆಣ. ಜೀವಂತ ಶರೀರದಲ್ಲಿರುವ ಎಲುಬು ನಸುಗೆಂಪಾಗಿ, ತೇವವಾಗಿ, ಒಳಗೂ ಹೊರಗೂ ರಕ್ತನಾಳಗಳಿಂದ ಹೆಣೆದುಕೊಂಡಿರುತ್ತದೆ. ಅದರ ಮೇಲ್ಮೈಯನ್ನು ತೆಳುವಾದ ಪೊರೆಯೊಂದು ಸುತ್ತಿಕೊಂಡಿದೆ. ಎಲುಬು ಮುರಿದಾಗ ಆಗುವ ಪ್ರಾಣಾಂತಿಕ ನೋವಿಗೆ ಈ ಪೊರೆಯಲ್ಲಿರುವ ನರಗಳೇ ಮುಖ್ಯ ಕಾರಣ. ಪ್ರಾಯದವರ ಶರೀರದಲ್ಲಿ ಇಂಥ 206 ಎಲುಬುಗಳಿವೆ.

ಇದರ ರಚನೆಯನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಕೋಳಿಯ ಕಾಲಿನ ಎಲುಬೊಂದನ್ನು ತೊಳೆದು ವಿನೆಗರಿನಲ್ಲಿ ಕೆಲವು ದಿನ ನೆನೆಯಿಟ್ಟರೆ ಅದರಲ್ಲಿಯ ಸುಣ್ಣದ ಲವಣವು ಕರಗಿ, ಉಳಿದ ಎಲುಬು ರಬ್ಬರಿನಂತೆ ಬಾಗುವುದು. ಇನ್ನೊಂದನ್ನು ಕೆಂಡದಲ್ಲಿ ಚೆನ್ನಾಗಿ ಸುಟ್ಟರೆ ಆಕಾರವೇನೋ ಉಳಿಯುವುದು. ಆದರೆ ಬೆರಳಿನಿಂದ ಒತ್ತಿದೊಡನೆ ಪುಡಿಯಾಗುವುದು. ಬೆಂಕಿಯು ಸುಟ್ಟದ್ದು ಕೊಲ್ಲಾಜೆನ್ ಎಂಬ ನಾರಿನಂಥ ಸಸಾರಜನಕ ವಸ್ತುವನ್ನು. ಮಾಳಿಗೆಯ ಮಣ್ಣಿಗೆ ಹೊಟ್ಟು ಕಲಸುವುದನ್ನು ನೀವು ಕಂಡಿರಬಹುದು. ಬರಿಯ ಮಣ್ಣು ಬಿರಿಯುತ್ತದೆ, ಬರಿಯ ಹೊಟ್ಟು ನಿಲ್ಲುವುದಿಲ್ಲ, ಎರಡೂ ಸೇರಿದರೆ ಮಳೆಗಾಲ ಕಳೆಯುತ್ತದೆ. ಎಲುಬಿನಲ್ಲಿ ಸುಣ್ಣ ಮತ್ತು ರಂಜಕಗಳ ಲವಣವು ಮಣ್ಣಿನಂತೆ, ಕೊಲ್ಲಾಜೆನ್ ಹೊಟ್ಟಿನಂತೆ ಕೆಲಸ ಮಾಡುತ್ತವೆ. ನಮ್ಮ ಶರೀರದಲ್ಲಿರುವ ಸುಣ್ಣದ ಅಂಶದಲ್ಲಿ ನೂರಕ್ಕೆ 99 ಪಾಲು ಎಲುಬು ಹಲ್ಲುಗಳಲ್ಲಿಯೇ ಇದೆ.

ಮಾಳಿಗೆಗೂ ಎಲುಬಿಗೂ ಒಂದು ವ್ಯತ್ಯಾಸವುಂಟು. ಎಲುಬಿನೊಳಗೆ ಗಾರೆಯವರು ಸದಾ ವಾಸವಾಗಿದ್ದಾರೆ! ಒಂದು ಬಗೆಯ ಜೀವಕಣಗಳು ಹಳೆಯ ಎಲುಬನ್ನು ಕರಗಿಸಿ ತೆಗೆಯುತ್ತಿರುತ್ತವೆ. ಇನ್ನೊಂದು ಬಗೆಯವು ಆ ಸ್ಥಳದಲ್ಲಿ ಹೊಸ ಎಲುಬನ್ನು ಕಟ್ಟುತ್ತಿರುತ್ತವೆ. ಈ ಕೆಡಹುವ ಕಟ್ಟುವ ಕೆಲಸ ಹುಟ್ಟಿನಿಂದ ಸಾವಿನವರೆಗೆ ನಡೆದೇ ಇರುವುದು. ಮುರಿದ ಎಲುಬು ಕೂಡುವುದು ಇವುಗಳಿಂದಲೇ ಹೊರತು ಹೊರಗಿನಿಂದ ಹಚ್ಚಿದ ಯಾವ ಅಂಟಿನಿಂದಲೂ ಅಲ್ಲ.

ಇನ್ನು ಮುರಿತದ ಬಗೆಗಳು. ಜೋಳದ ಸೀಮೆಯವರಿಗೆ ಇದನ್ನು ತಿಳಿಸುವುದು ಸುಲಭ. ಸುಗ್ಗಿಯ ಮೇಲೆ ಒಣಗಿದ ಕಣಿಕೆಯನ್ನು ಬಗ್ಗಿಸಿದರೆ ಚಟ್ಟನೆ ಎರಡು ತುಂಡಾಗುತ್ತದೆ. ಹಸಿಯ ದಂಟನ್ನು ಬಗ್ಗಿಸಿದರೆ ಒಂದು ಮಗ್ಗುಲು ಸೀಳುತ್ತದೆ, ಇನ್ನೊಂದು ಮಗ್ಗುಲು ಬಾಗಿ ಹಾಗೆಯೇ ಕೂಡಿಕೊಂಡಿರುತ್ತದೆ. ಮಕ್ಕಳ ಎಲುಬು ಹಲವು ವೇಳೆ ಹಸಿಯ ದಂಟಿನಂತೆ ಮುರಿಯುವುದು. ಮುದುಕರದು ಒಣ ಕಣಿಕೆಯಂತೆ. ಪೆಟ್ಟು ಬಿದ್ದ ರೀತಿಯನ್ನು ಹೊಂದಿ ಮುರಿತವು ಅಡ್ಡವಾಗಿರಬಹುದು, ಓರೆಯಾಗಿರಬಹುದು. ಕಾಲು ಒಂದೆಡೆ ಸಿಕ್ಕಿಕೊಂಡು ಮೈ ತಿರುಗಿದಾಗ ಹಗ್ಗದ ಹುರಿಯಂತೆ ಸುತ್ತಿಕೊಂಡಿರಬಹುದು. ವಾಹನಗಳ ಅಪಘಾತದಲ್ಲಿ ಎಲುಬು ಹಲವು ಚೂರಾಗುವುದುಂಟು. ಎತ್ತರದಿಂದ ಕಾಲೂರಿ ಬಿದ್ದವರ ಬೆನ್ನೆಲುಬಿನ ಮಣಿಯು ಒತ್ತಿ ಚಪ್ಪಟೆಯಾಗುವುದು.

ಈ ವಿಂಗಡಣೆ ಇಂದಿನದಲ್ಲ. ಸುಶ್ರುತ ಸಂಹಿತೆಯಲ್ಲಿ ಕೀಲು ತಪ್ಪುವುದರಲ್ಲಿ 6 ಬಗೆ, ಎಲುಬು ಮುರಿಯುವುದರಲ್ಲಿ 12 ಬಗೆ ಎಂದು ಹೇಳಿದೆ. ಚೂರ್ಣಿತ, ವಕ್ರ, ಛಿನ್ನ, ಸ್ಫುಟಿತ ಎಂಬ ಹೆಸರುಗಳನ್ನು ಕೇಳಿದರೆ ಅರ್ಥ ತಾನೇ ಹೊಳೆಯುವುದು. ಕುದುರೆಯ ಕಿವಿಯಂತೆ ತುದಿ ಮೇಲೆದ್ದ ಮುರಿತಕ್ಕೆ ಅಶ್ವಕರ್ಣವೆಂದೂ, ಮುರಿದ ತುದಿಯು ಒಳಗಿನ ಮಜ್ಜೆಗೆ ಹೊಕ್ಕಿದ್ದರೆ ಮಜ್ಜಾನುಗತವೆಂದೂ ಹೆಸರು. ಕ್ಷಕಿರಣದ ಸಹಾಯವಿಲ್ಲದೆ, ಕೈಯಿಂದ ಮುಟ್ಟಿ ಕಣ್ಣಿಂದ ನೋಡಿ, ಇಷ್ಟನ್ನು ಗುರುತಿಸಿದವರ ಸೂಕ್ಷ್ಮತೆ ಆಶ್ಚರ್ಯಕರವಾದದ್ದು. ಜರ್ಮನಿಯ ರಾಂಟ್ಜೆನ್ನನು ಕ್ಷಕಿರಣಗಳನ್ನು ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ.

ಇವೆಲ್ಲಕ್ಕಿಂತ ಮುಖ್ಯವಾದ ಭೇದವೊಂದಿದೆ. ಮುರಿದ ಸ್ಥಳದ ಮೇಲಿನ ಚರ್ಮವು ಹರಿಯದೆ ಉಳಿದಿದೆಯೇ, ಅಥವಾ ಹರಿದು ಗಾಯವಾಗಿದೆಯೇ ಎಂಬುದು. ಚರ್ಮ ಹರಿದರೆ ರೋಗಾಣುಗಳಿಗೆ ಎಲುಬಿನವರೆಗೂ ಬಾಗಿಲು ತೆರೆದಂತೆ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಯೂರೋಪಿನ ದೊಡ್ಡ ಆಸ್ಪತ್ರೆಗಳಲ್ಲಿಯೂ ಇಂಥ ರೋಗಿಗಳ ಕೈಕಾಲು ಕತ್ತರಿಸುವುದೇ ಎಷ್ಟೋ ಸಾರಿ ಉಳಿದ ಉಪಾಯವಾಗಿತ್ತು. 1865ರ ಆಗಸ್ಟ್ 12ರಂದು ಗ್ಲಾಸ್ಗೋ ನಗರದ ಆಸ್ಪತ್ರೆಗೆ 11 ವರ್ಷದ ಜೇಮ್ಸ್ ಗ್ರೀನ್‌ಲೀಸ್ ಎಂಬ ಹುಡುಗನನ್ನು ತಂದರು. ಬಂಡಿಯ ಗಾಲಿ ಹಾಯ್ದು ಅವನ ಕಾಲು ಮುರಿದು ಗಾಯವಾಗಿತ್ತು. ಜೋಸೆಫ್ ಲಿಸ್ಟರನು ಆ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯಿಟ್ಟು ಕಾಲನ್ನು ಕಟ್ಟಿದನು. ಗಾಯ ಕೀವಾಗಲಿಲ್ಲ, ಆರು ವಾರಗಳಲ್ಲಿ ಎಲುಬು ಕೂಡಿತು. ರೋಗಾಣುಗಳನ್ನು ದೂರವಿಟ್ಟು ಮಾಡುವ ಇಂದಿನ ಶಸ್ತ್ರವೈದ್ಯಕ್ಕೆ ತಳಹದಿ ಬಿದ್ದದ್ದು ಹೀಗೆ, ಚಕ್ಕಡಿಯ ಕೆಳಗೆ ಸಿಕ್ಕ ಹುಡುಗನೊಬ್ಬನ ಕಾಲಿನಲ್ಲಿ. ನಮ್ಮಲ್ಲಿ ಗಾಯದ ಮೇಲೆ ಅರಿಸಿನ, ಕಾಫಿಪುಡಿ, ಮಣ್ಣು ಮೆತ್ತುವವರು ಇಂದಿಗೂ ಇದ್ದಾರೆ. ಎಲುಬು ಮುರಿದು ಚರ್ಮ ಹರಿದಾಗ ಶುಭ್ರವಾದ ಬಟ್ಟೆ ಮುಚ್ಚಿ ತಡಮಾಡದೆ ಆಸ್ಪತ್ರೆಗೆ ಒಯ್ಯುವುದೊಂದೇ ಸರಿಯಾದ ದಾರಿ.

ಈಗ ಮುರಿದ ಎಲುಬಿನೊಳಗೆ ಏನು ನಡೆಯುವುದೆಂಬುದನ್ನು ನೋಡೋಣ. ಎಲುಬಿನೊಡನೆ ಅದರ ರಕ್ತನಾಳಗಳೂ ಹರಿಯುವುದರಿಂದ ಮುರಿದ ತುದಿಗಳ ನಡುವೆ ರಕ್ತ ತುಂಬಿ ಹೆಪ್ಪುಗಟ್ಟುವುದು. ಇದನ್ನು ಕೆಟ್ಟ ರಕ್ತವೆಂದು ತಿಳಿಯಬಾರದು; ಮುಂದಿನ ಕೆಲಸಕ್ಕೆಲ್ಲ ಇದೇ ಅಡಿಪಾಯ. ಮೊದಲ ಕೆಲವು ದಿನ ಬಾವು, ಕೆಂಪು, ಬಿಸಿ. ಸತ್ತ ಚೂರುಗಳನ್ನು ಸಾಗಿಸುವ ಜೀವಕಣಗಳು ಅಲ್ಲಿಗೆ ಧಾವಿಸುತ್ತವೆ, ಹೊಸ ರಕ್ತನಾಳಗಳು ಹೆಪ್ಪಿನೊಳಕ್ಕೆ ಬೇರಿನಂತೆ ಇಳಿಯುತ್ತವೆ. ಎರಡು ಮೂರು ವಾರಗಳಲ್ಲಿ ಹೆಪ್ಪಿನ ಸ್ಥಳದಲ್ಲಿ ನಾರು ಮತ್ತು ಮೃದ್ವಸ್ಥಿಗಳ ಮೆತ್ತನೆಯ ಗಂಟು ಏರ್ಪಡುವುದು. ನಮ್ಮ ಕಿವಿಯ ಹಾಲೆಯನ್ನು ಮುಟ್ಟಿ ನೋಡಿದರೆ ಮೃದ್ವಸ್ಥಿ ಎಂಥದೆಂಬುದು ತಿಳಿಯುತ್ತದೆ. ಈ ಗಂಟು ತುದಿಗಳನ್ನು ಹಿಡಿದಿರುತ್ತದೆಯೇ ಹೊರತು ಭಾರ ಹೊರಲಾರದು. ನೋವು ಹೋಯಿತೆಂದು ಈ ಹಂತದಲ್ಲಿ ಕಟ್ಟು ಬಿಚ್ಚಿ ನಡೆದಾಡಿ ಮತ್ತೆ ಮುರಿದುಕೊಳ್ಳುವವರು ಬಹಳ. ಆಮೇಲೆ ಗಂಟಿನಲ್ಲಿ ಸುಣ್ಣದ ಲವಣ ತುಂಬಿ ಅದು ನಿಜವಾದ ಎಲುಬಾಗುವುದು. ಕ್ಷಕಿರಣದ ಚಿತ್ರದಲ್ಲಿ ಮುರಿತದ ಸುತ್ತ ಮಬ್ಬಾದ ಬಿಳಿಯ ಮೋಡದಂತೆ ಕಾಣುವುದು ಇದೇ. ಕೊನೆಯ ಹಂತದಲ್ಲಿ ಮೊದಲು ಹೇಳಿದ ಗಾರೆಯವರು ಹೆಚ್ಚಾದುದನ್ನು ಕೆತ್ತಿ, ಬೇಕಾದಲ್ಲಿ ತುಂಬಿ, ಎಲುಬನ್ನು ಹಳೆಯ ಆಕಾರಕ್ಕೆ ತರುತ್ತಾರೆ. ಇದಕ್ಕೆ ತಿಂಗಳುಗಳಲ್ಲ, ವರ್ಷಗಳು ಹಿಡಿಯಬಹುದು. ಚರ್ಮ ಹರಿದರೆ ಕಲೆ ಉಳಿಯುವುದು. ಎಲುಬು ಮಾತ್ರ ಕಲೆಯಿಲ್ಲದೆ, ಎಲುಬಿನಿಂದಲೇ ಕೂಡುವುದು.

ಎಷ್ಟು ದಿನ ಬೇಕು? ಸುಶ್ರುತ ಸಂಹಿತೆ ಎಳೆಯರಿಗೆ ಒಂದು ತಿಂಗಳು, ನಡುವಯಸ್ಸಿನವರಿಗೆ ಎರಡು, ಮುದುಕರಿಗೆ ಮೂರು ಎನ್ನುತ್ತದೆ. ಇಂದಿನ ವೈದ್ಯರ ಲೆಕ್ಕವೂ ಇದಕ್ಕೆ ಬಹಳ ದೂರವಿಲ್ಲ. ಕೈಗಿಂತ ಕಾಲಿಗೆ ಸುಮಾರು ಇಮ್ಮಡಿ ಕಾಲ ಬೇಕು. ಪ್ರಾಯದವನ ಮುಂಗೈ ಮಣಿಕಟ್ಟಿನ ಬಳಿ ಮುರಿದರೆ ಆರು ವಾರ. ಮೊಣಕಾಲಿನ ಕೆಳಗಿನ ದೊಡ್ಡ ಎಲುಬಿಗೆ ಮೂರು ನಾಲ್ಕು ತಿಂಗಳು. ರಕ್ತದ ಪೂರೈಕೆ ಕಡಿಮೆಯಿರುವ ಕಡೆ, ಉದಾಹರಣೆಗೆ ತೊಡೆಯೆಲುಬಿನ ಕುತ್ತಿಗೆಯಲ್ಲಿ, ಕೂಡುವುದೇ ಕಷ್ಟ. ಬೀಡಿ ಸಿಗರೇಟು ಸೇದುವವರ ಎಲುಬು ತಡವಾಗಿ ಕೂಡುವುದೆಂಬುದು ಈಗ ಸಿದ್ಧವಾಗಿರುವ ವಿಷಯ. ಕಟ್ಟು ಹಾಕಿಸಿಕೊಂಡು ಆಸ್ಪತ್ರೆಯ ಹೊರಗಟ್ಟೆಯ ಮೇಲೆ ಬೀಡಿ ಹಚ್ಚುವವರನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಹಾಗಾದರೆ ವೈದ್ಯನ ಕೆಲಸವೇನು? ಎಲುಬು ತಾನಾಗಿ ಕೂಡುವುದಾದರೂ ನೆಟ್ಟಗೆ ಕೂಡಬೇಕೆಂಬ ಹಟ ಅದಕ್ಕಿಲ್ಲ. ಸೊಟ್ಟಗಿಟ್ಟರೆ ಸೊಟ್ಟಗೆ ಕೂಡುವುದು. ತುದಿಗಳನ್ನು ಎದುರುಬದುರು ತರುವುದು, ಕೂಡುವವರೆಗೆ ಅಲುಗದಂತೆ ಹಿಡಿದಿಡುವುದು, ಅಷ್ಟರಲ್ಲಿ ಅಂಗದ ರಕ್ತ ಸಂಚಾರಕ್ಕೆ ಕುಂದು ಬರದಂತೆ ಕಾಯುವುದು ವೈದ್ಯನ ಹೊಣೆ. ಹಿಡಿದಿಡಲು ಸುಶ್ರುತನ ಕಾಲದಲ್ಲಿ ಅತ್ತಿ, ಅರಳಿ, ಆಲ, ಮುತ್ತುಗದ ತೊಗಟೆಗಳನ್ನೂ ಬಿದಿರನ್ನೂ ಬಳಸುತ್ತಿದ್ದರು. ಹಾಲೆಂಡಿನ ಸೇನಾ ವೈದ್ಯ ಮ್ಯಾಥೈಸೆನ್ನನು ಪ್ಲಾಸ್ಟರ್ ಆಫ್ ಪ್ಯಾರಿಸ್ ಸವರಿದ ಬಟ್ಟೆಯ ಪಟ್ಟಿಯನ್ನು 1852ರಲ್ಲಿ ಪ್ರಚಾರಕ್ಕೆ ತಂದನು. ಜಿಪ್ಸಮ್ ಖನಿಜವನ್ನು ಕಾಯಿಸಿ ನೀರಿನ ಅಂಶವನ್ನು ಬಹುಪಾಲು ತೆಗೆದರೆ ಸಿಗುವ ಪುಡಿ ಇದು. ಮತ್ತೆ ನೀರು ಸೋಕಿದೊಡನೆ ಬಿಸಿಯಾಗಿ ಕಲ್ಲಿನಂತೆ ಗಟ್ಟಿಯಾಗುವುದು. ಕಟ್ಟಿಸಿಕೊಂಡವರಿಗೆ ಆ ಬಿಸಿಯ ಅನುಭವ ಇದ್ದೇ ಇರುತ್ತದೆ.

ನಾಟಿ ಪದ್ಧತಿಯವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಇಂಗ್ಲೆಂಡಿನ ಅಸ್ಥಿವೈದ್ಯದ ಮೂಲಪುರುಷರಲ್ಲೊಬ್ಬನಾದ ಹ್ಯೂ ಓವನ್ ಥಾಮಸನು ಎಲುಬು ಕಟ್ಟುವವರ ಮನೆತನದಲ್ಲಿಯೇ ಹುಟ್ಟಿದವನು. ತೊಡೆ ಮುರಿದವರಿಗೆ ಅವನ ಹೆಸರಿನ ಕಬ್ಬಿಣದ ಚೌಕಟ್ಟನ್ನು ಮೊದಲ ಮಹಾಯುದ್ಧದಲ್ಲಿ ಬಳಸತೊಡಗಿದ ಮೇಲೆ, ನೂರಕ್ಕೆ 80ರಷ್ಟಿದ್ದ ಸಾವು 20ರ ಆಸುಪಾಸಿಗೆ ಇಳಿಯಿತೆಂದು ಹೇಳುತ್ತಾರೆ. ನಮ್ಮ ಸೀಮೆಯ ಮಟ್ಟಿಗಂತೂ ಹಿಂದೆ ಬೇರೆ ಗತಿಯೂ ಇರಲಿಲ್ಲ. ದೊಡ್ಡ ಶಸ್ತ್ರಕ್ರಿಯೆಯೆಂದರೆ 1894ರಲ್ಲಿ ವಾನ್ಲೆಸ್ ಎಂಬ ಮಿಶನ್ ವೈದ್ಯರು ಆರಂಭಿಸಿದ ಮಿರಜದ ಆಸ್ಪತ್ರೆಗೆ ಹೋಗಬೇಕು, ಇಲ್ಲವೆ ರೈಲು ಹತ್ತಿ ಸೊಲ್ಲಾಪುರಕ್ಕೆ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆದದ್ದು 1957ರಲ್ಲಿ. ವಿಜಯಪುರದಲ್ಲಿ ಅಂಥ ಕಾಲೇಜುಗಳು ಆದದ್ದು 1980ರ ದಶಕದಲ್ಲಿ. 108ಕ್ಕೆ ಫೋನು ಮಾಡಿದರೆ ವಾಹನ ಬರುವ ಏರ್ಪಾಡು ಕರ್ನಾಟಕಕ್ಕೆ ಬಂದದ್ದು 2008ರಲ್ಲಿ. ಅದಕ್ಕಿಂತ ಮುಂಚೆ ಕೈ ಮುರಿದ ಮಗುವನ್ನು ಎತ್ತಿಕೊಂಡ ತಾಯಿ ಪಕ್ಕದ ಹಳ್ಳಿಯ ಕಟ್ಟುವವರ ಬಾಗಿಲಿಗೆ ಹೋದರೆ ಅವಳ ತಪ್ಪೇನು?

ದೋಷವಿದ್ದದ್ದು ದಬ್ಬೆಯಲ್ಲಲ್ಲ, ಬಿಗಿಯಲ್ಲಿ. ಮುಂಗೈಯ ಸ್ನಾಯುಗಳನ್ನು ಹಿಗ್ಗದ ಗಟ್ಟಿ ಪೊರೆಯ ಚೀಲಗಳು ಸುತ್ತಿಕೊಂಡಿವೆ. ಮುರಿದ ಮೊದಲ ಒಂದೆರಡು ದಿನ ಬಾವು ಏರುತ್ತಲೇ ಇರುವುದು. ಒಳಗೆ ಹಿಗ್ಗದ ಚೀಲ, ಹೊರಗೆ ಸಡಿಲದ ಕಟ್ಟು. ನಡುವೆ ಸಿಕ್ಕ ಸ್ನಾಯುಗಳ ಮೇಲೆ ಒತ್ತಡ ಹೆಚ್ಚಿ, ಕೂದಲಿಗಿಂತ ಸಣ್ಣ ರಕ್ತನಾಳಗಳು ಮುಚ್ಚಿಹೋಗುವುವು. ರಕ್ತವಿಲ್ಲದೆ ಸ್ನಾಯು ಬದುಕಿರುವುದು ಸುಮಾರು ಆರು ಗಂಟೆ. ಆಮೇಲೆ ಅದು ಸತ್ತು, ಕ್ರಮೇಣ ನಾರಾಗಿ ಮೋಟಾಗಿ ಬೆರಳುಗಳನ್ನು ಒಳಕ್ಕೆ ಎಳೆದುಕೊಳ್ಳುವುದು. ಜರ್ಮನಿಯ ವೈದ್ಯ ಫೋಲ್ಕ್‌ಮನ್ ಇದನ್ನು ವಿವರಿಸಿ, ಅತಿ ಬಿಗಿಯಾದ ಕಟ್ಟೇ ಇದಕ್ಕೆ ಕಾರಣವೆಂದು 1881ರಲ್ಲಿ ತೋರಿಸಿದನು. ಮೊಳಕೈಯ ಮೇಲೆ ಮುರಿದ ಮಕ್ಕಳಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಕೈಗೆ ರಕ್ತ ಒಯ್ಯುವ ಮುಖ್ಯ ನಾಳವು ಅಲ್ಲಿ ಎಲುಬಿನ ಮುಂದೆಯೇ ಹಾಯ್ದು ಹೋಗುತ್ತದೆ. ನನ್ನ ಗೆಳೆಯನು ಮೂರನೆಯ ದಿನ ಅಳು ನಿಲ್ಲಿಸಿದ್ದು ನೋವು ಇಳಿದುದರಿಂದಲ್ಲ. ನೋವನ್ನು ತಿಳಿಸುವ ನರವೂ ಆ ಹೊತ್ತಿಗೆ ಕೆಟ್ಟಿತ್ತು.

ಪ್ಲಾಸ್ಟರ್ ಹಾಕಿದ ಕೈಗೂ ಇದೇ ಗತಿ ಬರಬಹುದು. ಆದುದರಿಂದಲೇ ಇಂದಿನ ವೈದ್ಯರು ಮೊದಲ ದಿನಗಳಲ್ಲಿ ಕೈಯ ಸುತ್ತ ಪೂರ್ತಿ ಪ್ಲಾಸ್ಟರ್ ಹಾಕದೆ ಒಂದು ಮಗ್ಗುಲಿಗೆ ಮಾತ್ರ ಹಾಕಿ ಪಟ್ಟಿ ಸುತ್ತುತ್ತಾರೆ. ಸುಶ್ರುತ ಸಂಹಿತೆಯೂ ಸಡಿಲವಾದ ಕಟ್ಟು ಸ್ಥಿರವಾಗಿ ಹಿಡಿಯದು, ಬಿಗಿಯಾದ ಕಟ್ಟು ಬಾವು, ನೋವು, ಕೀವುಗಳನ್ನು ತರುವುದು, ನಡುವಿನದೇ ಸರಿಯೆಂದು ಸ್ಪಷ್ಟವಾಗಿ ಹೇಳಿದೆ. ಬೇಸಗೆಯಲ್ಲಿ ಮೂರು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ ಕಟ್ಟು ಬಿಚ್ಚಿ ಕಟ್ಟಬೇಕೆಂಬ ವಿಧಿಯೂ ಅಲ್ಲಿದೆ. ಗ್ರಂಥದಲ್ಲಿದ್ದ ಈ ಎಚ್ಚರ ದಬ್ಬೆಯೊಡನೆ ಹಳ್ಳಿಯವರೆಗೆ ಬರಲಿಲ್ಲವೆಂಬುದೇ ದುಃಖದ ಸಂಗತಿ.

ಆದ್ದರಿಂದ ಕಟ್ಟು ಯಾರದೇ ಆಗಲಿ, ಹಾಕಿದ ಮೇಲೆ ಬೆರಳುಗಳ ಮೇಲೆ ಕಣ್ಣಿಡಬೇಕು. ಕಟ್ಟಿದ ಮೇಲೆ ನೋವು ಇಳಿಯುತ್ತ ಹೋಗಬೇಕು. ಅದರ ಬದಲು ಗಂಟೆಗಂಟೆಗೆ ಏರಿದರೆ, ಬೆರಳುಗಳನ್ನು ಮೆಲ್ಲನೆ ನೀಡಿದಾಗ ರೋಗಿಯು ಚೀರಿದರೆ, ಅವು ಬಿಳಿಚಿದರೆ ಅಥವಾ ನೀಲಿಯಾದರೆ, ಜೋಮು ಹಿಡಿದರೆ, ಬೆಳಗಾಗಲೆಂದು ಕಾಯದೆ ಆ ಕ್ಷಣವೇ ಕಟ್ಟನ್ನು ಸಡಿಲಿಸಿ ಆಸ್ಪತ್ರೆಗೆ ಓಡಬೇಕು. ನಾಡಿ ಸಿಗುತ್ತಿದೆಯೆಂದು ಸಮಾಧಾನಪಡುವಂತಿಲ್ಲ. ದೊಡ್ಡ ನಾಳ ಹರಿಯುತ್ತಿರುವಾಗಲೇ ಸಣ್ಣವು ಮುಚ್ಚಿರಬಹುದು. ಹೊತ್ತು ಮೀರುವ ಮೊದಲು ಬಂದರೆ ಶಸ್ತ್ರವೈದ್ಯರು ಒಳಗಿನ ಪೊರೆಯನ್ನು ಸೀಳಿ ಒತ್ತಡವಿಳಿಸಿ ಕೈಯನ್ನು ಉಳಿಸಬಲ್ಲರು. ಬಿದ್ದ ಸ್ಥಳದಲ್ಲಿ ಮಾಡಬೇಕಾದುದು ಇನ್ನೂ ಸರಳ. ಬಳೆ ಉಂಗುರಗಳನ್ನು ಬಾವು ಏರುವ ಮೊದಲೇ ತೆಗೆಯುವುದು. ಎಳೆದು ನೆಟ್ಟಗೆ ಮಾಡಲು ಹೋಗದೆ, ಇದ್ದ ಭಂಗಿಯಲ್ಲಿಯೇ ಕೈಯನ್ನು ಮಡಿಸಿದ ದಪ್ಪ ಪತ್ರಿಕೆಗೋ ಹಲಗೆಗೋ ಸಡಿಲವಾಗಿ ಕಟ್ಟಿ, ಮುರಿತದ ಮೇಲಿನ ಕೀಲೂ ಕೆಳಗಿನ ಕೀಲೂ ಅಲುಗದಂತೆ ಮಾಡುವುದು. ಎರಡು ಹಿಡಿ ಕಣಿಕೆಯಾದರೂ ಸಾಕು.

ಇಂದು ಅದೇ ಮುರಿತಕ್ಕೆ ಮಗುವಿಗೆ ಪ್ರಜ್ಞೆ ತಪ್ಪಿಸಿ, ಕ್ಷಕಿರಣದ ತೆರೆಯ ಮೇಲೆ ನೋಡುತ್ತ ಎಲುಬನ್ನು ಕೂಡಿಸಿ, ಎರಡು ಮೂರು ಸಣ್ಣ ಉಕ್ಕಿನ ತಂತಿಗಳಿಂದ ಹಿಡಿದಿಡುತ್ತಾರೆ. ತೊಡೆಯೆಲುಬಿನ ಪೊಳ್ಳಿನಲ್ಲಿ ಉದ್ದನೆಯ ಉಕ್ಕಿನ ಸಲಾಕೆ ತೂರಿಸುವ ವಿಧಾನವನ್ನು ಜರ್ಮನಿಯ ಕುಂಟ್‌ಶರನು 1940ರ ಸುಮಾರಿಗೆ ಬಳಕೆಗೆ ತಂದನು. ತಿಂಗಳುಗಟ್ಟಲೆ ತೂಕ ಕಟ್ಟಿಕೊಂಡು ಮಲಗಬೇಕಾಗಿದ್ದವರು ಇದರಿಂದ ಕೆಲವೇ ದಿನಗಳಲ್ಲಿ ಎದ್ದು ನಿಲ್ಲುವಂತಾಯಿತು.

ಔಷಧದಿಂದ ಎಲುಬು ಬೇಗ ಕೂಡುವುದೇ ಎಂಬ ಪ್ರಶ್ನೆಯನ್ನೂ ಬಿಡುವಂತಿಲ್ಲ. ನಮ್ಮ ಬಯಲುಸೀಮೆಯ ಬೇಲಿಗಳ ಮೇಲೆ ನಾಲ್ಕು ಏಣುಗಳ ಹಸಿರು ಕಾಂಡದ ಮಂಗರಬಳ್ಳಿ ಹಬ್ಬುವುದನ್ನು ಎಲ್ಲರೂ ಕಂಡಿದ್ದಾರೆ. ತುಂಡು ತುಂಡಾಗಿ ಜೋಡಿಸಿದಂತಿರುವ ಅದಕ್ಕೆ ಸಂಸ್ಕೃತದಲ್ಲಿ ಅಸ್ಥಿಸಂಹಾರಿ ಎಂದು ಹೆಸರು. ಎಲುಬು ಕೂಡಿಸುವುದೆಂದು ಅದಕ್ಕೆ ಖ್ಯಾತಿ. ಇದನ್ನು ನಂಬಿ ಸುಮ್ಮನಾಗದೆ, ನಗೆಯಾಡಿ ತಳ್ಳಿಬಿಡದೆ ಪರೀಕ್ಷೆಗೆ ಒಡ್ಡಿದವರು ಕನ್ನಡ ನಾಡಿನವರೇ ಆದ ಡಾ. ಕೆ. ಎನ್. ಉಡುಪರು. ಕಾಶಿಯಲ್ಲಿ ಆಯುರ್ವೇದವನ್ನು ಓದಿ, ಮುಂದೆ ಪಾಶ್ಚಾತ್ಯ ಶಸ್ತ್ರವೈದ್ಯದಲ್ಲಿಯೂ ಪರಿಣತರಾಗಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ನೆಲೆಸಿದವರು ಅವರು. 1960ರ ದಶಕದಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಪ್ರಾಣಿಗಳ ಮುರಿದ ಎಲುಬುಗಳ ಮೇಲೆ ಮಂಗರಬಳ್ಳಿಯ ಪರಿಣಾಮವನ್ನು ಅಳೆದರು. ವಿಕಿರಣಶೀಲ ಕ್ಯಾಲ್ಸಿಯಮ್ ಬಳಸಿ ಗಂಟಿನಲ್ಲಿ ಸುಣ್ಣ ತುಂಬುವ ವೇಗವನ್ನು ನೋಡಿದರು. ಕೂಡಿದ ಎಲುಬನ್ನು ಮತ್ತೆ ಮುರಿಯಲು ಎಷ್ಟು ಬಲ ಬೇಕೆಂದು ಪರೀಕ್ಷಿಸಿದರು. ಬಳ್ಳಿಯ ಸಾರ ಪಡೆದ ಪ್ರಾಣಿಗಳ ಎಲುಬು ಬೇಗ ಬಲಗೊಂಡುದು ಕಂಡುಬಂತು. ಪ್ರಾಣಿಗಳಲ್ಲಿ ಕಂಡದ್ದೆಲ್ಲ ಮನುಷ್ಯರಿಗೆ ಅಷ್ಟೇ ಸಲ್ಲುವುದೆಂದು ಹೇಳಲಾಗದು. ಬಳ್ಳಿಯನ್ನು ಅರೆದು ಹಚ್ಚಿದೊಡನೆ ಸೊಟ್ಟ ಎಲುಬು ನೆಟ್ಟಗಾಗುವುದೂ ಇಲ್ಲ. ಆದರೂ ಹಳ್ಳಿಯ ಮಾತೊಂದನ್ನು ತಕ್ಕಡಿಗೆ ಹಾಕಿ ತೂಗಿದ ಆ ರೀತಿ ನನಗೆ ಬಹಳ ಮೆಚ್ಚುಗೆಯಾಗಿದೆ.

ಮಕ್ಕಳ ಎಲುಬು ಬೆಳೆಯುತ್ತಿರುವುದರಿಂದ ಅದಕ್ಕೆ ದೊಡ್ಡವರಿಗಿಲ್ಲದ ಒಂದು ಸೌಭಾಗ್ಯವುಂಟು. ತುಸು ಬಾಗಿ ಕೂಡಿದ್ದರೂ, ಕೀಲು ಬಾಗುವ ದಿಕ್ಕಿನಲ್ಲಿಯೇ ಆ ಬಾಗು ಇದ್ದರೆ, ಬೆಳೆಯುತ್ತ ಬೆಳೆಯುತ್ತ ಅದು ಬಹುಮಟ್ಟಿಗೆ ತಾನೇ ತಿದ್ದಿಕೊಳ್ಳುವುದು. ತಿರುಚಿ ಕೂಡಿದ್ದರೆ ಮಾತ್ರ ಆ ತಿರುಚು ಹಾಗೆಯೇ ಉಳಿಯುವುದು.

ನನ್ನ ಗೆಳೆಯನಿಗೆ ನಡುವಯಸ್ಸಿನಲ್ಲಿ ಬೇರೆ ಯಾವುದೋ ಕಾರಣಕ್ಕೆ ಆ ಕೈಯ ಕ್ಷಕಿರಣ ಚಿತ್ರ ತೆಗೆಯಿಸಬೇಕಾಯಿತು. ಜೊತೆಗೆ ನಾನಿದ್ದೆ. ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮೊಳಕೈಯ ಮೇಲೆ ಎಂದೋ ಮುರಿದಿತ್ತೆಂದು ನಾವು ಹೇಳಿದೆವು. ಅವರು ಇನ್ನೊಮ್ಮೆ ನೋಡಿ, "ಎಲ್ಲಿ ಮುರಿದಿತ್ತೆಂಬ ಗುರುತೇ ಇಲ್ಲವಲ್ಲ, ಎಲುಬು ಬಹಳ ಚೆನ್ನಾಗಿ ಕೂಡಿದೆ" ಎಂದರು. ಗೆಳೆಯನು ಬಲಗೈಯಿಂದ ಚಿತ್ರವನ್ನು ತೆಗೆದುಕೊಂಡು, ಮಡಿಸಿಕೊಂಡಿದ್ದ ಎಡಗೈಯ ಸಂದಿಗೆ ಸಿಕ್ಕಿಸಿಕೊಂಡು, ಬಾಗಿಲು ತೆರೆದನು.